ಇಪ್ಪತ್ತೇಳನೇ ಕ್ರಾಸಿನ ಗುಂಡಣ್ಣ

ಪ್ರತಿ ಗುರುವಾರ ಸಂಜೆ ನಾಲ್ಕಕ್ಕೆ ಗಿರಿಜಾದೇವಿಯವರ ಮಹಡಿ ಮನೆಗೆ ಸತ್ತವರು ಬರುತ್ತಿದ್ದರು. ಬದುಕಿರುವವರು ಅದಕ್ಕೂ ಮೊದಲೇ ಬಂದು ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಹಿಡಿದುಕೊಂಡಿರುತ್ತಿದ್ದರು.

ಜಯನಗರದ ಆ ಬೀದಿಯಲ್ಲಿ ಇದೇನೂ ಗುಟ್ಟಿನ ವಿಷಯವಲ್ಲ. ಗೇಟಿನ ಮುಂದೆ ಚಪ್ಪಲಿಗಳ ರಾಶಿ ಬಿತ್ತೆಂದರೆ ಹೂವಿನವಳು ಕೂಡ "ಇವತ್ತು ಮೇಡಂ ಮೈಮೇಲೆ ಬರೋ ದಿನ" ಎಂದು ಬುಟ್ಟಿ ತಂದು ಅಲ್ಲೇ ಕೂರುತ್ತಿದ್ದಳು. ಗಿರಿಜಾದೇವಿಯವರಿಗೆ ಮಾತ್ರ ಆ ಮಾತು ಹಿಡಿಸುತ್ತಿರಲಿಲ್ಲ. "ಮೈಮೇಲೆ ಬರೋದು ಅಂದ್ರೆ ಬೇರೆ ಕಣ್ರೀ. ಇದು ಸಂಪರ್ಕ," ಎನ್ನುತ್ತಿದ್ದರು. ಟ್ರಂಕ್ ಕಾಲ್ ಕಾಲದಿಂದಲೂ ಟೆಲಿಫೋನ್ ಆಪರೇಟರ್ ಆಗಿ ದುಡಿದು ನಿವೃತ್ತರಾದವರು ಅವರು. ಊರೂರಿನ ದನಿಗಳನ್ನು ಒಂದಕ್ಕೊಂದು ಜೋಡಿಸಿದ ಕಿವಿ, ಪಿಂಚಣಿ ಬಂದ ಮೇಲೆ ಸುಮ್ಮನಿರಲಿಲ್ಲ, ಇನ್ನೂ ಸ್ವಲ್ಪ ದೂರದ ಕರೆಗಳನ್ನು ಹಿಡಿಯತೊಡಗಿತು, ಅಷ್ಟೇ. ಹಣೆ ತುಂಬ ವಿಭೂತಿ ಬಳಿದುಕೊಂಡು, ಕಣ್ಣು ಮುಚ್ಚಿ, ಎಡಗೈಯನ್ನು ಕಿವಿಗೆ ಆನಿಸಿಕೊಂಡು ಅವರು "ಲೈನಲ್ಲೇ ಇರಿ" ಎಂದರೆ ಹಜಾರದಲ್ಲಿ ಕೆಮ್ಮುವವರೂ ಕೆಮ್ಮು ನುಂಗಿಕೊಳ್ಳುತ್ತಿದ್ದರು.

ಅವರ ಗಂಡ ಸೋಮಲಿಂಗಪ್ಪನವರು ಚಿಕ್ಕಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟವರು. ಅವರಿಗೆ ಇದರಲ್ಲಿ ನಂಬಿಕೆಯಿಲ್ಲ, ಆದರೆ ಮನೆಗೆ ಬಂದವರಿಗೆ ಕಾಫಿ ಕೊಡದೆ ಕಳಿಸುವ ಜನವೂ ಅಲ್ಲ. "ಬದುಕಿರೋರ ಡಿಪಾರ್ಟ್‌ಮೆಂಟು ನಂದು. ಉಳಿದಿದ್ದು ಅವಳದ್ದು," ಎಂದು ಮಾರಿ ಬಿಸ್ಕತ್ತಿನ ತಟ್ಟೆ ಹಿಡಿದು ಓಡಾಡುತ್ತಿದ್ದರು.

ಆ ಸಭೆಗೆ ಒಂದು ಪದ್ಧತಿ ಇತ್ತು. ನಿಮ್ಮವರನ್ನು ಹೆಸರು ಹಿಡಿದು ಕರೆದರೆ ಸಾಲದು, ವಿಳಾಸ ಹೇಳಬೇಕು. ಬಿಡಿಸಿ ಹೇಳಬೇಕು.

"ಬೆಂಗಳೂರು ಅವರು ಬಿಟ್ಟುಹೋದ ಹಾಗೇ ಇದೆಯಾ ಹೇಳಿ," ಎಂದು ಗಿರಿಜಾದೇವಿ ಹೊಸದಾಗಿ ಬಂದವರಿಗೆಲ್ಲ ತಿಳಿಸಿ ಹೇಳುತ್ತಿದ್ದರು. "ಕೆಲವರು ಹೋದಾಗ ಮೆಟ್ರೋನೇ ಇರ್ಲಿಲ್ಲ. ಬಂದವರು ಗುರುತು ಸಿಗದೆ ಯಾವುದೋ ಕಂಬದ ಹತ್ರ ನಿಂತ್ಕೊಂಡು ಗೋಳಾಡ್ತಾರೆ, ಪಾಪ. ಗ್ಯಾಸ್ ಸಿಲಿಂಡರ್ ತರೋವ್ನಿಗೆ ಹೇಳ್ತೀರಲ್ಲ, ಹಾಗೆ ಹೇಳಿ."

ಹಾಗಾಗಿ ದೀಪ ಹಚ್ಚಿದ ಮೇಲೆ ಸ್ವಲ್ಪ ಹೊತ್ತು ಆ ಹಜಾರ ಆಟೋ ಸ್ಟ್ಯಾಂಡಿನಂತೆ ಗಲಗಲ ಎನ್ನುತ್ತಿತ್ತು. "ಅಣ್ಣಾ, ಜಯನಗರ ಕಾಂಪ್ಲೆಕ್ಸ್ ಬಲಗಡೆ ಬಿಟ್ಟು ನೇರ ಬಾ." "ಅತ್ತೇ, ಮೊದಲು ಬೇಕರಿ ಇತ್ತಲ್ಲ, ಅದೀಗ ಕನ್ನಡಕದ ಅಂಗಡಿ ಆಗಿದೆ, ಅಲ್ಲಿ ಎಡಕ್ಕೆ ತಿರುಗಿ." ಈ ಎರಡನೆಯವರು ಪಂಕಜಾ, ಗಿರಿಜಾದೇವಿಯವರ ಪಕ್ಕದ ಮನೆಯವರು. ಅವರ ಅತ್ತೆ ಮಾತ್ರ ಒಂದು ವಾರವೂ ತಪ್ಪಿಸಿಕೊಳ್ಳದೆ ಬಂದು, ಸೊಸೆಯ ಸಾರಿಗೆ ಹುಳಿ ಹೆಚ್ಚಾಗಿರುವ ಬಗ್ಗೆ ಸುದೀರ್ಘವಾಗಿ ಮಾತಾಡುತ್ತಿದ್ದರು. ಪಂಕಜಾ ಒಮ್ಮೆ ಬೇಕೆಂದೇ ತಪ್ಪು ತಿರುವು ಹೇಳಿ ನೋಡಿದರು. ಅತ್ತೆ ಆ ವಾರ ಇನ್ನೂ ಬೇಗ ಬಂದರು.

ಎಲ್ಲರ ಕಡೆಯವರೂ ಒಂದಲ್ಲ ಒಂದು ದಿನ ಬಂದರು. ಅಲಮೇಲಮ್ಮನ ಗಂಡ ಗುಂಡಣ್ಣನವರು ಮಾತ್ರ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಸಭೆಗೆ ಸೇರಿದ ಅಲಮೇಲಮ್ಮ, ಗಣೇಶನ ಹಬ್ಬ ಮುಗಿದು ದಸರಾ ಬೊಂಬೆ ಇಳಿಸಿದರೂ ಕಾಯುತ್ತಲೇ ಇದ್ದರು. ಪ್ರತಿ ಗುರುವಾರ ಒಗೆದ ಹತ್ತಿ ಸೀರೆ ಉಟ್ಟು ಬಂದು, ಕಣ್ಣು ಮುಚ್ಚಿ, "ಏನ್ರೀ, ಇಪ್ಪತ್ತೇಳನೇ ಕ್ರಾಸು. ಹೊಂಗೆ ಮರದ ಎದುರಿಗೆ. ಮಹಡಿ ಮೇಲೆ. ಬೇಗ ಬನ್ನಿ," ಎನ್ನುತ್ತಿದ್ದರು. ಗಿರಿಜಾದೇವಿ ಕಿವಿಗೆ ಕೈ ಆನಿಸಿ ಬಹಳ ಹೊತ್ತು ಕೂತು, ಕೊನೆಗೆ ನಿಟ್ಟುಸಿರು ಬಿಟ್ಟು "ರಿಂಗ್ ಆಗ್ತಿದೆ, ಯಾರೂ ಎತ್ತುತ್ತಿಲ್ಲ," ಎನ್ನುತ್ತಿದ್ದರು.

ಅಲಮೇಲಮ್ಮನಿಗೆ ಗಂಡನಿಂದ ಬೇಕಾಗಿದ್ದದ್ದು ಒಂದೇ ಒಂದು ಮಾತು. ಪೂರ್ತಿ ಮಾಡದೆ ಹೋದ ಮಾತು.

ಹೋದ ವರ್ಷ, ಚಳಿ ಇನ್ನೂ ಬಿಡದ ಒಂದು ಬೆಳಿಗ್ಗೆ, ಅಲಮೇಲಮ್ಮ ಚಟ್ನಿಗೆ ಮಿಕ್ಸಿ ಹಾಕಿದ್ದರು. ವಾಕಿಂಗ್ ಶೂ ಕಟ್ಟಿಕೊಂಡು, ಮಂಕಿ ಕ್ಯಾಪ್ ಏರಿಸಿಕೊಂಡು ಅಡುಗೆಮನೆ ಬಾಗಿಲಲ್ಲಿ ಬಂದು ನಿಂತ ಗುಂಡಣ್ಣನವರು "ಅಲಮು, ನಿಂಗೊಂದು ವಿಷಯ ಹೇಳ್ಬೇಕು," ಎಂದರು. "ಏನೂ?" ಎಂದು ಇವರು ಮಿಕ್ಸಿಯ ಸದ್ದಿನ ಮೇಲೆ ಕೂಗಿದರು. ಅವರು ಮಿಕ್ಸಿಯನ್ನು ನೋಡಿದರು, ಇವರನ್ನು ನೋಡಿದರು. "ಇರ್ಲಿ, ಬಂದು ಹೇಳ್ತೀನಿ," ಎಂದು ಹೊರಟರು. ಪಾರ್ಕಿನಲ್ಲಿ ಎಂದಿನ ಸುತ್ತು ಮುಗಿಸಿ ಕಲ್ಲುಬೆಂಚಿನ ಮೇಲೆ ಕೂತವರು ಮತ್ತೆ ಏಳಲಿಲ್ಲ.

ಏನು ಹೇಳಬೇಕಾಗಿತ್ತು? ಹಿಂದಿನ ದಿನದ ಪಲ್ಯಕ್ಕೆ ಉಪ್ಪು ಹೆಚ್ಚಾಗಿತ್ತು ಅಂತಲೇ? ಎದೆಯಲ್ಲಿ ಏನೋ ಒಂಥರಾ ಆಗ್ತಿದೆ ಅಂತಲೇ? ಇಲ್ಲಾ, ಇಷ್ಟು ವರ್ಷ ಚೆನ್ನಾಗಿ ನೋಡ್ಕೊಂಡೆ ಅಂತಲೇ? ಮೊದಲನೆಯದಾಗಿದ್ದರೆ ಜಗಳವಾಡಬಹುದಿತ್ತು. ಎರಡನೆಯದು ನೆನಪಾದರೆ ರಾತ್ರಿ ನಿದ್ದೆ ಹಾರಿಹೋಗುತ್ತಿತ್ತು. ಮೂರನೆಯದು ಗುಂಡಣ್ಣನವರ ಬಾಯಿಂದ ಹೊರಡುವ ಮಾತೇ ಅಲ್ಲ, ಆದರೂ ಮನಸ್ಸು ಹೋಗಿ ಹೋಗಿ ಅಲ್ಲೇ ಕೂರುತ್ತಿತ್ತು. ಅಂದಿನಿಂದ ಆ ಮನೆಯಲ್ಲಿ ಮಿಕ್ಸಿ ತಿರುಗಿಲ್ಲ. ದೋಸೆಗೂ ಚಟ್ನಿಪುಡಿ, ಇಡ್ಲಿಗೂ ಚಟ್ನಿಪುಡಿ.

ಇದನ್ನೆಲ್ಲ ಹೆಚ್ಚು ಅನುಭವಿಸಿದವಳು ಸಮನ್ವಿತಾ. ಅಲಮೇಲಮ್ಮನ ತಂಗಿಯ ಮೊಮ್ಮಗಳು, ಬಿಟಿಎಂ ಲೇಔಟಿನ ಪಿಜಿಯಲ್ಲಿ ಇದ್ದುಕೊಂಡು ಓದುತ್ತಿರುವವಳು. ಶನಿವಾರ ಭಾನುವಾರ ಮನೆ ಊಟಕ್ಕೆಂದು ಜಯನಗರಕ್ಕೆ ಬರುತ್ತಾಳೆ. ಅವಳಿಗೆ ಜಗತ್ತಿನ ಎಲ್ಲದರಲ್ಲೂ ಆಸಕ್ತಿ. ಜೆಪಿ ನಗರದಲ್ಲಿ ಕಂಚಿನ ಬಟ್ಟಲು ಬಾರಿಸಿ ಮನಸ್ಸು ಹಗುರ ಮಾಡುವವರಿದ್ದರೆ ಅಲ್ಲಿಗೂ ಹೋಗುತ್ತಾಳೆ, ವಿಲ್ಸನ್ ಗಾರ್ಡನ್ನಿನಲ್ಲಿ ಕಾಫಿ ಗಸಿ ನೋಡಿ ಭವಿಷ್ಯ ಹೇಳುವವರಿದ್ದರೆ ಅಲ್ಲಿಗೂ ಹೋಗುತ್ತಾಳೆ. ಅವಳ ಫೋನಿನಲ್ಲಿ ಎಷ್ಟು ವಾಟ್ಸಾಪ್ ಗ್ರೂಪ್‌ಗಳಿವೆ ಎಂಬುದು ಅವಳಿಗೇ ಗೊತ್ತಿಲ್ಲ.

ಅಂಥದೊಂದು ಗ್ರೂಪನ್ನು ಹಿಡಿದುಕೊಂಡು ಒಂದು ಗುರುವಾರ ಅವಳು ಗಿರಿಜಾದೇವಿಯವರ ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು. ಸಭೆ ಆಗಷ್ಟೇ ಮುಗಿದು ಕಾಫಿ ಸುತ್ತುತ್ತಿತ್ತು.

"ಅಜ್ಜೀ! ಅಜ್ಜೀ ಇದು ಕೇಳಿ, ಎಲ್ರೂ ಕೇಳಿ, ನಂಗೆ ಮೈ ಜುಂ ಅಂತಿದೆ," ಎಂದು ನಿಂತಲ್ಲೇ ಓದತೊಡಗಿದಳು:

"ನಮಸ್ಕಾರ. ನಮ್ಮ ಶುಕ್ರವಾರದ ಬಳಗಕ್ಕೆ ಕೆಲವು ತಿಂಗಳಿಂದ ಒಬ್ಬರು ತೀರಿಕೊಂಡ ಹಿರಿಯರು ಬರುತ್ತಿದ್ದಾರೆ. ನಮ್ಮಲ್ಲಿ ಯಾರ ಕಡೆಯವರೂ ಅಲ್ಲ. ಹೆಸರು ಹೇಳುವುದಿಲ್ಲ. ಸ್ವಭಾವ ಒಳ್ಳೆಯದು. ಏನೋ ಹೇಳಬೇಕಾಗಿತ್ತು ಅನ್ನುತ್ತಾರೆ, ಆದರೆ ಹೇಳುವುದಿಲ್ಲ. ತುಂಬಾ ಸದ್ದು ಇತ್ತು ಅನ್ನುತ್ತಾರೆ, ಆದ್ದರಿಂದ ಸಿಲ್ಕ್ ಬೋರ್ಡ್ ಸಿಗ್ನಲ್ ಕಡೆಯವರು ಇರಬಹುದು. ಮನೆಗೆ ದಾರಿ ತೋರಿಸಲೇ ಎಂದರೆ ಸಿಟ್ಟಾಗುತ್ತಾರೆ. ಗುರುತು ಹತ್ತಿದವರು ಸಂಪರ್ಕಿಸಿ. ಇಪ್ಪತ್ತೇಳನೇ ಕ್ರಾಸ್, ಹೊಂಗೆ ಮರದ ಎದುರು, ಕಾಂಡಿಮೆಂಟ್ಸ್ ಅಂಗಡಿ ಮಹಡಿ ಮೇಲೆ, ಬನಶಂಕರಿ ಸೆಕೆಂಡ್ ಸ್ಟೇಜ್. ದಯವಿಟ್ಟು ಎಲ್ಲರಿಗೂ ಕಳಿಸಿ."

ಓದಿ ಮುಗಿಸಿ ತಲೆಯೆತ್ತಿದಳು. "ಕಳೆದುಹೋದ ನಾಯಿ ಬಗ್ಗೆ ಹಾಕ್ತಾರಲ್ಲ, ಸೇಮ್ ಹಂಗೇ ಹಾಕಿದಾರೆ. ಇದರ ಕೆಳಗೇ ಒಂದು ಬಿಳೀ ಬೆಕ್ಕು ಕಾಣ್ತಿಲ್ಲ ಅಂತ ಇದೆ ನೋಡಿ."

ಬೆಕ್ಕಿನ ಕಡೆ ಯಾರೂ ನೋಡಲಿಲ್ಲ. ಎಲ್ಲರೂ ಅಲಮೇಲಮ್ಮನನ್ನು ನೋಡುತ್ತಿದ್ದರು. ಅವರ ಕೈಯಲ್ಲಿದ್ದ ಮಾರಿ ಬಿಸ್ಕತ್ತು ಕಾಫಿಯಲ್ಲಿ ನೆನೆದು ನೆನೆದು ತುಂಡಾಗಿ ಲೋಟದೊಳಗೆ ಬಿತ್ತು.

"ದಾರಿ ತೋರಿಸ್ಲಾ ಅಂದ್ರೆ ಸಿಟ್ಟಾಗ್ತಾರಂತಾ?" ಎಂದರು.

ಗುಂಡಣ್ಣನವರನ್ನು ಬಲ್ಲ ಯಾರಿಗಾದರೂ ಇದೊಂದು ಗುರುತು ಸಾಕಿತ್ತು. ಸರ್ವೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು ಅವರು. ಭೂಮಿ ಅಳೆದವನು ಇನ್ನೊಬ್ಬನನ್ನು ದಾರಿ ಕೇಳುವುದು ಹೇಗೆ ಎಂಬುದು ಅವರ ವಾದ. ಒಮ್ಮೆ ಇಬ್ಬರೂ ಬಿಳೇಕಹಳ್ಳಿಯಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದರು. ಅಲಮೇಲಮ್ಮ "ಯಾರನ್ನಾದ್ರೂ ಕೇಳ್ರೀ, ಕೇಳ್ರೀ" ಎಂದು ಸ್ಕೂಟರಿನ ಹಿಂದೆ ಕೂತು ಗೋಗರೆದರೂ ಕೇಳದೆ, ಮಾವಿನ ತೋರಣ ಕಂಡ ಮನೆಯ ಮುಂದೆ ನಿಲ್ಲಿಸಿ ಒಳಗೆ ನುಗ್ಗಿದರು. ಪಾಯಸದ ಊಟ ಮಾಡಿ, ಉಡುಗೊರೆ ಕೊಟ್ಟು, ತಾಂಬೂಲ ತೆಗೆದುಕೊಂಡ ಮೇಲೆ ಗೊತ್ತಾಯಿತು, ಮನೆಯೂ ಬೇರೆ, ಮನೆಯವರೂ ಬೇರೆ. ಗುಂಡಣ್ಣನವರು ಸೋಲೊಪ್ಪಲಿಲ್ಲ. "ಊಟ ಚೆನ್ನಾಗಿತ್ತೋ ಇಲ್ವೋ?" ಎಂದರು. ಆ ಮನೆಯವರು ಅದೇನು ಮೆಚ್ಚಿಕೊಂಡರೋ, ಆಮೇಲೆ ಪ್ರತಿ ಗೌರಿಹಬ್ಬಕ್ಕೂ ಇವರನ್ನು ಕರೆಯತೊಡಗಿದರು.

"ಅಜ್ಜಿ, ನೀವು ತಾತಂಗೆ ಅಡ್ರೆಸ್ ಏನಂತ ಹೇಳ್ತಿದ್ರಿ?" ಸಮನ್ವಿತಾ ಕೇಳಿದಳು.

"ಇಪ್ಪತ್ತೇಳನೇ ಕ್ರಾಸು, ಹೊಂಗೆ ಮರದ ಎದುರಿಗೆ, ಮಹಡಿ ಮೇಲೆ."

"ಯಾವ ಏರಿಯಾ ಅಂತ?"

"ಏರಿಯಾ ಯಾಕೆ ಹೇಳ್ಬೇಕೇ? ಇಪ್ಪತ್ತೇಳನೇ ಕ್ರಾಸ್ ಅಂದ್ರೆ ಜಯನಗರ ತಾನೇ?"

"ಅಜ್ಜೀ, ಬನಶಂಕರೀಲೂ ಇದೆ!"

"ಇರ್ಬಹುದು," ಎಂದರು ಅಲಮೇಲಮ್ಮ, ಹುಟ್ಟಿದಾಗಿನಿಂದ ಜಯನಗರ ಬಿಟ್ಟು ಕದಲದವರ ದನಿಯಲ್ಲಿ. "ಅದು ಅವರ ಇಪ್ಪತ್ತೇಳು."

ಹೇಳಿದ ಮೇಲೆ ಅವರಿಗೇ ಅರ್ಥವಾಗಿ ಬಾಯಿಗೆ ಸೆರಗು ಅಡ್ಡ ಹಿಡಿದರು. ಇಷ್ಟು ತಿಂಗಳು ಆ ಮನುಷ್ಯನನ್ನು ವಾರ ವಾರವೂ ತಾವೇ ಕರೆದು ಕರೆದು ಬನಶಂಕರಿಗೆ ಕಳಿಸಿದ್ದರು.

ಗಿರಿಜಾದೇವಿಯವರ ಮುಖ ಕೆಂಪಾಗಿತ್ತು. "ಹಂಗಾದ್ರೆ ನಾನು ರಿಂಗ್ ಮಾಡ್ತಿದ್ದಿದ್ದು ಸರಿಯಾಗೇ ಇತ್ತು. ನಮ್ಮ ಕರೆ ಅವ್ರ ಎಕ್ಸ್‌ಚೇಂಜಿಗೆ ಹೋಗಿದೆ! ಅಲ್ಲಿ ಯಾರು ಕೂರ್ತಾರೆ?"

"ಅನ್ನಪೂರ್ಣ ಆಂಟಿ ಅಂತೆ. ಕೆಳಗಿರೋ ಕೋಡುಬಳೆ ಅಂಗಡಿ ಅವ್ರದೇ."

"ಕೋಡುಬಳೆ!" ಎಂದರು ಗಿರಿಜಾದೇವಿ, ಆ ಒಂದು ಪದದಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ.

ಸೋಮಲಿಂಗಪ್ಪನವರು ಬಿಸ್ಕತ್ತಿನ ತಟ್ಟೆಯನ್ನು ಮೇಜಿನ ಮೇಲಿಟ್ಟರು. "ಅದಕ್ಕೇ ನೋಡು. ಅಲ್ಲಿ ಕೋಡುಬಳೆ ಕೊಡ್ತಾರೆ, ನಾವಿಲ್ಲಿ ಮಾರಿ ಬಿಸ್ಕತ್ತು ಕೊಡ್ತೀವಿ. ನಾನು ಸತ್ರೂ ಅಲ್ಲಿಗೇ ಹೋಗೋದು."

"ನೀವು ಸುಮ್ನಿರಿ. ನಾಳೆ ಶುಕ್ರವಾರ. ಅಲಮೇಲು, ರೆಡಿಯಾಗಿರಿ. ನಮ್ಮ ಕಡೆಯವರನ್ನ ನಾವೇ ಹೋಗಿ ಕರ್ಕೊಂಡು ಬರೋಣ."

ಅಲಮೇಲಮ್ಮ ಆ ರಾತ್ರಿ ಸರಿಯಾಗಿ ಮಲಗಲಿಲ್ಲ. ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಒಪ್ಪ ಮಾಡಿಟ್ಟುಕೊಂಡರು: ಮೊದಲು ಹೇಗಿದ್ದೀರಿ ಅಂತ ಕೇಳುವುದು, ಆಮೇಲೆ ವೈಕುಂಠ ಸಮಾರಾಧನೆ ಚೆನ್ನಾಗಿ ಆಯಿತೆಂದು ತಿಳಿಸುವುದು, ಕೊನೆಗೆ ಮೆಲ್ಲಗೆ ಆ ಮಾತು ತೆಗೆಯುವುದು.

ಮಾರನೇ ದಿನ ಸಮನ್ವಿತಾಳೂ ಸೇರಿ ಮೂವರೂ ಮೆಟ್ರೋದಲ್ಲಿ ಬನಶಂಕರಿಗೆ ಬಂದು ಆಟೋ ಹಿಡಿದರು. "ಇಪ್ಪತ್ತೇಳನೇ ಕ್ರಾಸಪ್ಪ," ಎಂದರು ಅಲಮೇಲಮ್ಮ. "ಎಲ್ಲಿ ಇಪ್ಪತ್ತೇಳಮ್ಮ?" ಎಂದ ಆಟೋದವನು. ಸಮನ್ವಿತಾ ಅವರ ಮುಖ ನೋಡಿದಳು. "ಬನಶಂಕರಿ, ಸೆಕೆಂಡ್ ಸ್ಟೇಜು," ಎಂದು ಅಲಮೇಲಮ್ಮ ಪಾಠ ಒಪ್ಪಿಸುವವರಂತೆ ಬಿಡಿಸಿ ಹೇಳಿದರು.

ಹೊಂಗೆ ಮರ ಇತ್ತು. ಅದರ ಎದುರಿಗೆ ಅಂಗಡಿ ಇತ್ತು. ಬೀದಿ ತಿರುಗುವ ಮೊದಲೇ ಕರಿದ ಎಣ್ಣೆ, ಓಮದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಗುಂಡಣ್ಣನವರು ಇಲ್ಲಿಗೆ ಬಂದದ್ದು ವಿಳಾಸದ ತಪ್ಪಿನಿಂದಲೇ ಎಂಬ ಬಗ್ಗೆ ಅಲಮೇಲಮ್ಮನಿಗೆ ಅಲ್ಲಿಯೇ ಸಣ್ಣ ಅನುಮಾನ ಶುರುವಾಯಿತು.

ಮಹಡಿಯಲ್ಲಿ ಕುರ್ಚಿಗಳಿರಲಿಲ್ಲ, ಚಾಪೆ ಹಾಸಿತ್ತು. ಏಳೆಂಟು ಜನ ಗೋಡೆಗೊರಗಿ ಹರಟೆ ಹೊಡೆಯುತ್ತಿದ್ದರು. ನಡುವೆ ದುಂಡು ಮುಖದ ಅನ್ನಪೂರ್ಣ ಕಾಲು ಚಾಚಿ ಕೂತು, ಮುಂದೆ ಹಿಟ್ಟಿನ ಪರಾತ ಇಟ್ಟುಕೊಂಡು ಕೋಡುಬಳೆ ಹೊಸೆಯುತ್ತಿದ್ದರು. ದೀಪ ಇಲ್ಲ, ಕಣ್ಣು ಮುಚ್ಚುವುದಿಲ್ಲ. ಕೈ ತನ್ನಷ್ಟಕ್ಕೆ ಹಿಟ್ಟನ್ನು ಹೊಸೆದು, ಬಳೆ ಮಾಡಿ, ತುದಿ ಒತ್ತಿ, ತಟ್ಟೆಗೆ ಇಳಿಸುತ್ತಿರುತ್ತದೆ. ಕೈ ನಿಂತಿತೆಂದರೆ ಯಾರೋ ಬಂದರೆಂದು ಅರ್ಥ.

"ಹೀಗೂ ಮಾಡ್ತಾರಾ?" ಎಂದು ಗಿರಿಜಾದೇವಿ ಅಲಮೇಲಮ್ಮನ ಕಿವಿಯಲ್ಲಿ ಅಂದರು. "ತಿನ್ನೋ ಪದಾರ್ಥದ ಮೇಲೆ?"

"ಬನ್ನಿ ಅಕ್ಕ, ಕೂತ್ಕೊಳಿ," ಎಂದರು ಅನ್ನಪೂರ್ಣ. "ಈ ಹುಡುಗಿ ಫೋನಲ್ಲಿ ಎಲ್ಲಾ ಹೇಳಿದ್ಲು. ನಮ್ಮ ಅಂಕಲ್ಲು ನಿಮ್ಮನೆಯವರೇ ಇರ್ಬೇಕು. ಹೆಸರಿಲ್ಲದೆ ಬರೀ ಅಂಕಲ್, ಅಂಕಲ್ ಅಂತಿದ್ವಿ, ಪಾಪ."

ಗೋಡೆಯ ಪಕ್ಕದಿಂದ ಒಬ್ಬ ಗಂಡಸು ಮುಂದೆ ಸರಿದ. ನಲವತ್ತರ ಆಸುಪಾಸು, ಕುತ್ತಿಗೆಯಲ್ಲಿ ಇನ್ನೂ ಆಫೀಸಿನ ಬಿಲ್ಲೆ. ಚಿದಾನಂದ್ ಎಂದು ಹೆಸರು, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರು. "ಮೇಡಂ, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಅವರು ನಿಮ್ಮನೆಯವರೇ ಅಂತ ಏನು ಗ್ಯಾರಂಟಿ?"

"ನಮ್ಮ ಎಕ್ಸ್‌ಚೇಂಜಿಂದ ಬುಕ್ ಆದ ಕರೆ ಅದು!" ಎಂದರು ಗಿರಿಜಾದೇವಿ.

"ಇರ್ಬಹುದು ಮೇಡಂ, ಆದ್ರೆ ಎತ್ತಿದ್ದು ನಾವು ತಾನೇ?" ಎಂದ ಚಿದಾನಂದ್. ಆಮೇಲೆ ಅಲಮೇಲಮ್ಮನ ಕಡೆ ತಿರುಗಿ ದನಿ ತಗ್ಗಿಸಿದ. "ನಾನಿಲ್ಲಿಗೆ ಬರೋಕೆ ಶುರು ಮಾಡಿದ್ದು ನಮ್ಮಪ್ಪಂಗೋಸ್ಕರ. ಅವರು ಬರ್ಲೇ ಇಲ್ಲ. ಇದ್ದಾಗ್ಲೂ ಮಾತು ಕಡಿಮೇನೇ ಬಿಡಿ. ಈ ಅಂಕಲ್ ಮಾತ್ರ ಬಂದ ತಕ್ಷಣ ಊಟ ಆಯ್ತಾ ಚಿದಾನಂದ ಅಂತ ಕೇಳ್ತಾರೆ. ಅಷ್ಟೇ. ಇನ್ನೇನೂ ಇಲ್ಲ."

ಅಷ್ಟರಲ್ಲಿ ಪರಾತದ ಕಡೆಯಿಂದ ಬರುತ್ತಿದ್ದ ಸಣ್ಣ ಸದ್ದು ನಿಂತಿತು. ಅನ್ನಪೂರ್ಣ ಅವರ ಕೈ ಅರ್ಧ ಬಳೆಯಲ್ಲೇ ನಿಂತಿತ್ತು. ದನಿ ಬದಲಾಗಲಿಲ್ಲ, ಗಂಡಸಿನ ದನಿಯೇನೂ ಆಗಲಿಲ್ಲ. ಮಾತಿನ ನಡಿಗೆ ಮಾತ್ರ ನಿಧಾನವಾಯಿತು.

"ಊಟ ಆಯ್ತಾ ಚಿದಾನಂದ?"

"ಆಯ್ತು ಅಂಕಲ್," ಎಂದ ಚಿದಾನಂದ್ ಸಣ್ಣ ದನಿಯಲ್ಲಿ. "ಅಂಕಲ್, ಇವತ್ತು ನಿಮ್ಮನ್ನ ನೋಡೋಕೆ ಯಾರೋ ಬಂದಿದಾರೆ."

ಎಲ್ಲರೂ ಅಲಮೇಲಮ್ಮನ ಕಡೆ ತಿರುಗಿದರು. ಒಪ್ಪ ಮಾಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ಇದು:

"ಯಾರನ್ನಾದ್ರೂ ದಾರಿ ಕೇಳೋಕೆ ಏನಾಗಿತ್ತು ನಿಮಗೆ?"

"ನಾನ್ಯಾಕೆ ಕೇಳ್ಲಿ?" ಎಂದಿತು ಆ ನಿಧಾನದ ಮಾತು, ತಕ್ಷಣವೇ. "ಸರಿಯಾಗೇ ಬಂದಿದೀನಿ. ಇಪ್ಪತ್ತೇಳನೇ ಕ್ರಾಸು. ಹೊಂಗೆ ಮರ. ಮಹಡಿ."

ಸಮನ್ವಿತಾ ಪಕ್ಕದಲ್ಲಿದ್ದ ಗಿರಿಜಾದೇವಿಯವರ ತೋಳನ್ನು ಚಿವುಟಿದಳು. ಅವರು ಚಿವುಟಿಸಿಕೊಂಡರು.

ಅಲಮೇಲಮ್ಮ ಚಾಪೆಯ ಮೇಲೆ ಇನ್ನಷ್ಟು ಹತ್ತಿರ ಸರಿದರು. "ಆವತ್ತು ಏನೋ ವಿಷ್ಯ ಹೇಳ್ಬೇಕು ಅಂದ್ರಲ್ಲ."

"ಹೂಂ."

"ಬಂದು ಹೇಳ್ತೀನಿ ಅಂದ್ರಿ."

"ಬಂದಿದೀನಲ್ಲ."

"ಹೇಳಿ ಮತ್ತೆ!"

ಅನ್ನಪೂರ್ಣ ಅವರ ಬೆರಳುಗಳ ನಡುವೆ ಅರ್ಧ ಬಳೆ ಮೆಲ್ಲಗೆ ಜೋತುಬಿತ್ತು. ಕೆಳಗೆ ಅಂಗಡಿಯಲ್ಲಿ ಯಾರೋ ಕಾಲು ಕೇಜಿ ಚಕ್ಕುಲಿ ಕೇಳುತ್ತಿದ್ದರು.

"ಹೇಳೋಣ ಅಂತಲೇ ಇದ್ದೆ ಕಣೇ," ಎಂದಿತು ಮಾತು. "ಸದ್ದು ಜಾಸ್ತಿ ಇತ್ತು. ಬಂದು ಹೇಳಿದ್ರಾಯ್ತು ಅಂದ್ಕೊಂಡೆ. ಪಾರ್ಕ್ ಗೇಟ್ ಹತ್ರ ಹೋಗೋ ಹೊತ್ತಿಗೆ ಮರ್ತೇಹೋಯ್ತು."

"ಮರ್ತೋಯ್ತಾ?"

"ಮರ್ತೋಯ್ತು. ಆ ಬೆಂಚ್ ಮೇಲೆ ಕೂತು ಅದನ್ನೇ ನೆನಪು ಮಾಡ್ಕೋತಿದ್ದೆ. ಈಗ್ಲೂ ಅದೇ ಕೆಲಸ. ದೊಡ್ಡ ವಿಷ್ಯ ಏನೂ ಇರ್ಲಾರ್ದು, ಬಿಡು. ದೊಡ್ಡದಾಗಿದ್ರೆ ಮಿಕ್ಸಿ ಆಫ್ ಮಾಡಿಸಿ ಹೇಳ್ತಿದ್ದೆ."

ಮಿಕ್ಸಿಯ ಮಾತನ್ನು ಆ ಮನೆಯಲ್ಲಿ ಅಲಮೇಲಮ್ಮ ಎತ್ತಿರಲಿಲ್ಲ. ಸಮನ್ವಿತಾ ಹಿಂದಿನ ರಾತ್ರಿ ಫೋನಿನಲ್ಲಿ ಅನ್ನಪೂರ್ಣ ಅವರ ಜೊತೆ ಎಷ್ಟು ಹೊತ್ತು ಮಾತಾಡಿದಳು, ಏನೇನು ಮಾತಾಡಿದಳು ಎಂದು ಅವತ್ತೂ ಯಾರೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಮಾತಿಗೆ ಕೂತರೆ ಆ ಹುಡುಗಿ ಯಾವುದನ್ನು ತಾನೇ ಬಿಡುತ್ತಾಳೆ.

ಅಲಮೇಲಮ್ಮನಿಗೆ ಮೊದಲು ಅಳು ಬಂದಂತಾಯಿತು, ಗಂಟಲವರೆಗೂ ಬಂತು, ಅಲ್ಲಿ ಅದೇನಾಯಿತೋ ನಗುವಾಗಿ ಹೊರಬಿತ್ತು. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕರು.

"ಇದಕ್ಕಾ ನಾನು ನಿದ್ದೆಗೆಟ್ಟಿದ್ದು? ಇದಕ್ಕಾ? ನೋಡ್ರೀ ಅನ್ನಪೂರ್ಣ, ಇದ್ದಾಗ್ಲೂ ಇದೇ ಕಥೆ. ಬೀರು ಬಾಗ್ಲು ತೆಗೆದಿಟ್ಟು ನಾನ್ಯಾಕೆ ಇಲ್ಲಿಗೆ ಬಂದೆ ಅಂತ ನನ್ನನ್ನೇ ಕೇಳೋರು. ಕನ್ನಡಕ ಹಣೆ ಮೇಲಿಟ್ಕೊಂಡು ಮನೆಯೆಲ್ಲ ಹುಡುಕಿಸೋರು. ಮೇಲೆ ಹೋದ್ರೂ ಬುದ್ಧಿ ಬರ್ಲಿಲ್ವಲ್ರೀ ನಿಮಗೆ!"

"ಎಲ್ರ ಮುಂದೆ ಬೈಬೇಡ್ವೇ," ಎಂದಿತು ಮಾತು, ಸ್ವಲ್ಪ ಮುನಿಸಿನಲ್ಲಿ.

ಬೈದು ಬೈದು ಅಲಮೇಲಮ್ಮನ ಮುಖ ಹಗುರಾಗಿತ್ತು. ಎದೆಯಲ್ಲಿ ಏನೋ ಆಗ್ತಿದೆ ಅಂತ ಹೇಳೋಕೆ ಬಂದದ್ದಲ್ಲ. ತಾನು ಮಿಕ್ಸಿ ನಿಲ್ಲಿಸಿದ್ದರೆ ಉಳಿಯುತ್ತಿದ್ದರು ಎಂಬಂಥ ವಿಷಯವೇ ಅಲ್ಲ. ಯಾವುದೋ ಸಣ್ಣದು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದರಲ್ಲ, ಅಂಥದು.

ಗಿರಿಜಾದೇವಿ ಸಮಯ ನೋಡಿ ಎದ್ದುನಿಂತರು. "ಸರಿ ಗುಂಡಣ್ಣನವರೇ. ಆಗಿದ್ದು ಆಯ್ತು. ಇನ್ನು ಮುಂದೆ ಗುರುವಾರ ಬರ್ಬೇಕು ನೀವು. ಜಯನಗರ, ಫೋರ್ತ್ ಬ್ಲಾಕು. ದಾರಿ ನಾನು ಹೇಳ್ತೀನಿ, ಕೇಳಿಸ್ಕೊಳಿ..."

"ದಾರಿ ಗೊತ್ತು ನಂಗೆ," ಎಂದಿತು ಮಾತು ಗಡುಸಾಗಿ.

"ಗೊತ್ತಿದ್ರೆ ಯಾಕ್ರೀ ಇಲ್ಲಿ ಕೂತಿದೀರಿ?"

"ಮೇಡಂ, ಅವರಿಗೆ ಇಷ್ಟ ಇಲ್ದಿದ್ರೆ ಬಲವಂತ ಯಾಕೆ?" ಎಂದು ಚಿದಾನಂದ್ ನಡುವೆ ಬಂದ. ಅವನ ಹಿಂದೆ ಗೋಡೆಗೊರಗಿದ್ದವರೆಲ್ಲ ಒಬ್ಬೊಬ್ಬರಾಗಿ ಬೆನ್ನು ನೇರ ಮಾಡಿಕೊಂಡರು. ಮಂಡಿನೋವಿನ ಹೆಂಗಸೊಬ್ಬರು "ನಂಗೆ ಎಳ್ಳೆಣ್ಣೆ ಹಚ್ಚೋಕೆ ಹೇಳಿದ್ದೇ ಅವರು" ಎಂದರು. ಜಯನಗರಕ್ಕೂ ಬನಶಂಕರಿಗೂ ಯುದ್ಧ ಶುರುವಾಗುವ ಹಾಗಿತ್ತು. ಅನ್ನಪೂರ್ಣ ಮಾತ್ರ ಪಕ್ಷ ವಹಿಸುವ ಸ್ಥಿತಿಯಲ್ಲಿರಲಿಲ್ಲ, ಅವರ ಕೈ ಇನ್ನೂ ಅರ್ಧ ಬಳೆಯಲ್ಲೇ ಇತ್ತು.

ಅಲಮೇಲಮ್ಮ ಚಿದಾನಂದನನ್ನು ನೋಡಿದರು. ಕುತ್ತಿಗೆಯ ಬಿಲ್ಲೆಯ ದಾರವನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ. ಊಟ ಆಯ್ತಾ ಎಂದು ಕೇಳುವವರಿಲ್ಲದ ಮನೆ ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಳೇಕಹಳ್ಳಿಯ ಆ ತೋರಣದ ಮನೆ ನೆನಪಾಯಿತು. ಹೋದ ಗೌರಿಹಬ್ಬಕ್ಕೂ ಅಲ್ಲಿಂದ ಫೋನ್ ಬಂದಿತ್ತು.

"ಬಿಡಿ ಗಿರಿಜಾ," ಎಂದರು. "ಇವರಿಗೆ ಒಂದು ಸಲ ಒಂದು ಮನೆ ಹಿಡಿಸ್ತು ಅಂದ್ರೆ ಮುಗೀತು. ಇಲ್ಲೇ ಇರ್ಲಿ. ನಾನೇ ಶುಕ್ರವಾರ ಶುಕ್ರವಾರ ಬರ್ತೀನಿ. ಎರಡು ಸ್ಟೇಷನ್ನು, ಏನು ಮಹಾ."

"ಮತ್ತೆ ಗುರುವಾರ?"

"ಗುರುವಾರನೂ ಬರ್ತೀನಿ. ಪಂಕಜಾನ ಅತ್ತೆ ಸಾರಿನ ವಿಷಯ ಏನಾಯ್ತು ಅಂತ ಗೊತ್ತಾಗ್ಬೇಕಲ್ಲ."

ಗಿರಿಜಾದೇವಿ ಸ್ವಲ್ಪ ಹೊತ್ತು ಬಿಗಿದುಕೊಂಡೇ ಇದ್ದರು. ಚಿದಾನಂದ್ ಕೆಳಗೆ ಓಡಿಹೋಗಿ ಬಿಸಿ ಕೋಡುಬಳೆಯ ದೊಡ್ಡ ಪೊಟ್ಟಣ ತಂದು ಎರಡೂ ಕೈಯಲ್ಲಿ ಅವರಿಗೆ ಕೊಟ್ಟ. ಒಂದನ್ನು ಮುರಿದು ಬಾಯಿಗೆ ಹಾಕಿಕೊಂಡ ಮೇಲೆ ಅವರ ಮುಖ ಬದಲಾಯಿತು. "ಎಕ್ಸ್‌ಚೇಂಜ್ ಜಯನಗರದ್ದೇ, ಅದು ನೆನಪಿರ್ಲಿ," ಎಂದರು. "ಲೈನ್ ಮಾತ್ರ ಇಲ್ಲಿಗೆ ಕೊಟ್ಟಿದೀವಿ." ಎಲ್ಲರೂ ಒಪ್ಪಿಕೊಂಡರು.

ಹೊರಡುವಾಗ ಅಲಮೇಲಮ್ಮ ಮೆಟ್ಟಿಲ ಬಾಗಿಲಲ್ಲಿ ನಿಂತು ಹಿಂತಿರುಗಿದರು. ಕೆಳಗೆ ಅಂಗಡಿಯವರು ಮೆಣಸಿನಕಾಯಿ ಪುಡಿ ಮಾಡುವ ಮೆಷಿನ್ ಹಾಕಿದ್ದರು. ಮಹಡಿಯೆಲ್ಲ ಗಡಗಡ ಅನ್ನುತ್ತಿತ್ತು.

"ಏನ್ರೀ," ಎಂದು ಅದರ ಮೇಲೆ ಕೂಗಿದರು. "ನಿಮಗೂ ಒಂದು ವಿಷ್ಯ ಹೇಳ್ಬೇಕಿತ್ತು!"

"ಏನೂ?" ಎಂದಿತು ಮಾತು ಒಳಗಿನಿಂದ.

ಅಲಮೇಲಮ್ಮ ಮೆಷಿನ್ನಿನ ಸದ್ದನ್ನು ಒಂದು ಗಳಿಗೆ ಕೇಳಿಸಿಕೊಂಡರು. "ಇರ್ಲಿ! ಮುಂದಿನ ವಾರ ಬಂದು ಹೇಳ್ತೀನಿ!"

ಮೆಟ್ಟಿಲಿಳಿಯುವಾಗ ಸಮನ್ವಿತಾಗೆ ತಡೆಯಲಾಗಲಿಲ್ಲ. "ಅಜ್ಜಿ, ಏನದು? ಪ್ಲೀಸ್ ಅಜ್ಜಿ, ನಂಗೊಬ್ಬಳಿಗೆ ಹೇಳಿ, ಯಾರಿಗೂ ಹೇಳಲ್ಲ, ಪ್ರಾಮಿಸ್."

"ಏನೂ ಇಲ್ಲ ಕಣೇ," ಎಂದರು ಅಲಮೇಲಮ್ಮ. "ಸ್ವಲ್ಪ ದಿನ ಅವರೂ ಯೋಚನೆ ಮಾಡ್ಲಿ."

ಹೊಂಗೆ ಮರದ ಕೆಳಗೆ ತಳ್ಳುಗಾಡಿಯವನು ತೆಂಗಿನಕಾಯಿ ಗುಡ್ಡೆ ಹಾಕಿಕೊಂಡಿದ್ದ. ಅಲಮೇಲಮ್ಮ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದರು, ಇಟ್ಟರು, ಇನ್ನೊಂದನ್ನು ಎತ್ತಿದರು.

"ಚಟ್ನಿಗೆ ಆಗೋ ಅಂಥದ್ದು ನೋಡಿ ಕೊಡಪ್ಪ," ಎಂದರು. "ಬೆಳಿಗ್ಗೆಗೇ ಬೇಕು."